ನಾನೂ ಕೈಬಿಟ್ಟಿದ್ದ ಕರುಣ್ ನಾಯರ್

ಅಕ್ಟೋಬರ್ 25, ಶನಿವಾರ ಸಂಜೆ. ಶಿವಮೊಗ್ಗದಿಂದ ಅಪ್ಪನ ಫೋನು. ನವುಲೆಯ ಕೆಎಸ್‌ಸಿಎ ಮೈದಾನದಲ್ಲಿ ಕರ್ನಾಟಕ ಮತ್ತು ಗೋವಾ ನಡುವಣ ರಣಜಿ ಪಂದ್ಯದ ಮೊದಲ ದಿನದಾಟ ಮುಗಿದಿತ್ತು. ನಿವೃತ್ತ ಹೈಸ್ಕೂಲ್ ಮೇಷ್ಟ್ರಾದ ಅಪ್ಪ ಕೊಡೆ, ನೀರಿನ ಬಾಟಲಿ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಹಿಡಿದುಕೊಂಡು ಬೆಳಿಗ್ಗೆಯೇ ಹೋಗಿ ಕೂತಿದ್ದರಂತೆ.

‘ನಿಮ್ಮ ನಾಗಪುರದ ಹುಡುಗ ಇನ್ನೂ ಔಟಾಗಿಲ್ಲ ಕಣೋ. ಮೇಲಿನವರು ಒಬ್ಬೊಬ್ಬರಾಗಿ ಹೋದರು, ಇವನು ಮಾತ್ರ ಬೇರು ಬಿಟ್ಟವನ ಹಾಗೆ ನಿಂತ’ ಎಂದರು.

‘ಅವನು ನಾಗಪುರದವನಲ್ಲ ಅಪ್ಪ, ನಮ್ಮವನೇ. ಬೆಂಗಳೂರಲ್ಲೇ ಬೆಳೆದವನು.’

‘ನಮ್ಮವನಾದರೆ ಎರಡು ವರ್ಷ ನಿಮ್ಮೂರಲ್ಲಿ ಏನು ಮಾಡ್ತಿದ್ದ ಮಾರಾಯ?’

ನಾಗಪುರ ಅಪ್ಪನ ಬಾಯಲ್ಲಿ ಯಾವಾಗ ‘ನಿಮ್ಮೂರು’ ಆಯಿತೋ ಗೊತ್ತಾಗಲಿಲ್ಲ. ಕರುಣ್ ನಾಯರ್ ವಿಷಯಕ್ಕೂ ಫೋನಿನಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಕೊಡಬೇಕೆಂದರೆ, ಆ ಆಟಗಾರನನ್ನು ಕೈಬಿಡಬೇಕು ಎಂದು ವಾದಿಸಿದವರಲ್ಲಿ ನಾನೂ ಒಬ್ಬ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹತ್ತು ವರ್ಷದ ಬರ

ನನ್ನದು ರಣಜಿ ಹುಚ್ಚು. ಐಪಿಎಲ್ ನೋಡುವವರು ಊರ ತುಂಬ ಸಿಗುತ್ತಾರೆ. ಆಲೂರಿನಲ್ಲೋ ಹುಬ್ಬಳ್ಳಿಯಲ್ಲೋ ನಡೆಯುವ ನಾಲ್ಕು ದಿನದ ಪಂದ್ಯದ ಸ್ಕೋರನ್ನು ಆಫೀಸಿನ ಮೀಟಿಂಗಿನ ಮಧ್ಯೆ ಕದ್ದು ನೋಡುವವರು ಕಡಿಮೆ. ಹೊರರಾಜ್ಯಕ್ಕೆ ಬಂದ ಮೇಲೆ ಈ ಹುಚ್ಚು ಹೆಚ್ಚೇ ಆಗಿದೆ. ಊರಿನ ಹೆಸರಿನಲ್ಲಿ ಆಡುವ ತಂಡ ಎಂದರೆ ಇದೊಂದೇ ಅಲ್ಲವೇ?

ಕರ್ನಾಟಕ ರಣಜಿ ಟ್ರೋಫಿ ಗೆದ್ದಿರುವುದು 8 ಸಲ. ಸತತ 15 ವರ್ಷ ಚಾಂಪಿಯನ್ ಆಗಿದ್ದ ಮುಂಬೈಯ ಓಟವನ್ನು 1973-74ರಲ್ಲಿ ನಿಲ್ಲಿಸಿದ್ದು ಪ್ರಸನ್ನ ನಾಯಕತ್ವದ ನಮ್ಮ ತಂಡ. ಕೊನೆಯ ಎರಡು ಕಪ್ ಬಂದದ್ದು 2013-14 ಮತ್ತು 2014-15ರಲ್ಲಿ, ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ. ಆ ಎರಡನೆಯ ಫೈನಲ್ ಮುಂಬೈಯ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ನಡೆಯಿತು. ಕರುಣ್ ನಾಯರ್ 328 ರನ್ ಹೊಡೆದರು. ರಣಜಿ ಫೈನಲ್‌ಗಳಲ್ಲಿ ಅಷ್ಟು ದೊಡ್ಡ ಇನಿಂಗ್ಸ್ ಅದುವರೆಗೆ ಯಾರೂ ಆಡಿರಲಿಲ್ಲ. ಕೆ.ಎಲ್. ರಾಹುಲ್ 188. ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳಿಂದ. ಮುಂದಿನ ವರ್ಷ, 2016ರ ಡಿಸೆಂಬರ್‌ನಲ್ಲಿ, ಅದೇ ಕರುಣ್ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಗಳಿಸಿ, ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಎರಡನೇ ಭಾರತೀಯ ಎನಿಸಿಕೊಂಡರು.

ಆಮೇಲೆ ಶುರುವಾಯಿತು ಬರ. 2017-18ರ ಸೆಮಿಫೈನಲ್‌ನಲ್ಲಿ ವಿದರ್ಭದ ಎದುರು 5 ರನ್ ಸೋಲು. 2018-19ರ ಸೆಮಿಫೈನಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ ಸೌರಾಷ್ಟ್ರಕ್ಕೆ ಸೋಲು. 2019-20ರ ಸೆಮಿಫೈನಲ್‌ನಲ್ಲಿ ಬಂಗಾಳಕ್ಕೆ. 2021-22ರ ಕ್ವಾರ್ಟರ್‌ಫೈನಲ್‌ನಲ್ಲಿ ಉತ್ತರ ಪ್ರದೇಶಕ್ಕೆ. 2022-23ರ ಸೆಮಿಫೈನಲ್‌ನಲ್ಲಿ ಮತ್ತೆ ಚಿನ್ನಸ್ವಾಮಿ, ಮತ್ತೆ ಸೌರಾಷ್ಟ್ರ. ಮಯಂಕ್ ಅಗರವಾಲ್ 249 ಹೊಡೆದರೂ ಸೋಲು. ಇದು ಕೆಳಗೆ ಬಿದ್ದ ತಂಡದ ಕಥೆಯಲ್ಲ. ಬಾಗಿಲ ತನಕ ಹೋಗಿ ಪ್ರತಿ ಸಲ ಹಣೆ ಬಡಿದುಕೊಂಡು ಬರುವ ತಂಡದ ಕಥೆ. ಅಭಿಮಾನಿಗೆ ಇದು ಇನ್ನೂ ಕಷ್ಟ. ಪೂರ್ತಿ ಕೆಟ್ಟ ತಂಡವಾಗಿದ್ದರೆ ಕೈಮುಗಿದು ಬಿಡಬಹುದು. ಇಲ್ಲಿ ಹಾಗಲ್ಲ, ಪ್ರತಿ ವರ್ಷ ಒಬ್ಬಿಬ್ಬರನ್ನು ಬದಲಿಸಿದರೆ ಸಾಕು ಅನ್ನಿಸುತ್ತದೆ. ಆ ಒಬ್ಬಿಬ್ಬರು ಯಾರು ಎಂಬುದೇ ಜಗಳ.

ನನ್ನ ಎಕ್ಸೆಲ್ ಹಾಳೆ

2022ರ ಕೊನೆಯಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿದ ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ರಣಜಿ ತಂಡದ ಆಯ್ಕೆ ನಡೆಯುತ್ತದೆ. ನಿಜವಾದ ಆಯ್ಕೆ ಸಮಿತಿಗಿಂತ ನಮ್ಮಲ್ಲಿ ಭಿನ್ನಮತ ಜಾಸ್ತಿ. ಆ ವರ್ಷ ನಾನು ಒಂದು ಎಕ್ಸೆಲ್ ಹಾಳೆ ತಯಾರಿಸಿದೆ. ಹೆಸರು, ವಯಸ್ಸು, ಹಿಂದಿನ ಮೂರು ಋತುಗಳ ರನ್, ಸರಾಸರಿ, ಸ್ಟ್ರೈಕ್ ರೇಟ್. ಗೆರೆಯ ಕೆಳಗೆ ಬಿದ್ದವರ ಸಾಲಿಗೆ ಕೆಂಪು ಬಣ್ಣ. ಕರುಣ್ ನಾಯರ್ ಸಾಲು ಕೆಂಪಾಯಿತು.

‘31 ವರ್ಷ ಆಯಿತು. ಚೆನ್ನೈನ 303ರ ನೆನಪಿನಲ್ಲಿ ಎಷ್ಟು ದಿನ ಜಾಗ ಕೊಡುವುದು? ಹುಡುಗರು ಕಾಯುತ್ತಿದ್ದಾರೆ’ ಎಂದು ಬರೆದೆ. ಗುಂಪಿನಲ್ಲಿ ಹತ್ತಾರು ಹೆಬ್ಬೆರಳು ಬಿದ್ದವು.

ಆ ಹಾಳೆಯಲ್ಲಿ ಒಂದು ದೊಡ್ಡ ತಪ್ಪಿತ್ತು. ನಾನು ಟಿ20, ಒಂದು ದಿನದ ಪಂದ್ಯ ಮತ್ತು ನಾಲ್ಕು ದಿನದ ಪಂದ್ಯಗಳನ್ನು ಒಂದೇ ಪಾತ್ರೆಗೆ ಸುರಿದಿದ್ದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಜಮ್ಮು ಮತ್ತು ಕಾಶ್ಮೀರದ ವಿರುದ್ಧದ ರಣಜಿ ಪಂದ್ಯದಲ್ಲಿ ಕರುಣ್ 175 ಹೊಡೆದಿದ್ದರು. ಟಿ20ಯ ಸಣ್ಣ ಸ್ಕೋರುಗಳ ಜೊತೆ ಸೇರಿ ಆ 175 ಕರಗಿಹೋಯಿತು. ಕೆಲಸದಲ್ಲಿ ಹೀಗೆ ಮಾಡಿದ್ದರೆ ಕೋಡ್ ರಿವ್ಯೂನಲ್ಲಿ ನನ್ನ ಕಿರಿಯರೇ ಹಿಡಿದು ನಿಲ್ಲಿಸುತ್ತಿದ್ದರು. ಅಭಿಮಾನಿಯ ಹಾಳೆಯನ್ನು ರಿವ್ಯೂ ಮಾಡುವವರಿಲ್ಲ.

ರಾಜ್ಯದ ರಣಜಿ ಪಟ್ಟಿ ಪ್ರಕಟವಾದಾಗ ಅದರಲ್ಲೂ ಕರುಣ್ ಹೆಸರು ಇರಲಿಲ್ಲ. ಎರಡೂವರೆ ವರ್ಷದ ಹಿಂದೆ ಸೆಮಿಫೈನಲ್‌ನಲ್ಲಿ ತಂಡದ ನಾಯಕರಾಗಿದ್ದವರು ಅವರು. ಡಿಸೆಂಬರ್ 10ರಂದು ಅವರು ಟ್ವಿಟರ್‌ನಲ್ಲಿ ಒಂದೇ ಸಾಲು ಬರೆದರು. ಪ್ರೀತಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು ಎಂಬುದು ಅದರ ಅರ್ಥ. ನಮ್ಮ ಗುಂಪಿನಲ್ಲಿ ಒಬ್ಬ ‘ಅಯ್ಯೋ ಪಾಪ’ ಎಂದ. ನಾನು ‘ಕ್ರಿಕೆಟ್‌ನಲ್ಲಿ ಪಾಪ ಪುಣ್ಯ ಇಲ್ಲ’ ಎಂದೆ.

ಅದಾಗಿ ಎರಡೇ ವಾರಕ್ಕೆ ನನ್ನ ಸಾಲೂ ಕೆಂಪಾಯಿತು.

ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಬೆಂಚ್’ ಎಂಬ ಮಾತು ಓದುಗರಿಗೆ ಹೊಸದಲ್ಲ. ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವ ತನಕ ಖಾಲಿ ಕೂರುವುದು. ಅಕ್ಟೋಬರ್‌ನಿಂದ ನಾನು ಬೆಂಚಿನಲ್ಲಿದ್ದೆ. ಡಿಸೆಂಬರ್ ಕೊನೆಯಲ್ಲಿ ಒಂದು ವಿಡಿಯೊ ಕಾಲ್. ನಾನು ಹಿಂದೆಂದೂ ನೋಡದ ಇಬ್ಬರು ತೆರೆಯ ಮೇಲೆ. ಹನ್ನೊಂದು ನಿಮಿಷದಲ್ಲಿ ಎಂಟು ವರ್ಷದ ಲೆಕ್ಕ ಚುಕ್ತಾ. ದಿನವೂ ಜೊತೆಯಲ್ಲಿ ಕಾಫಿ ಕುಡಿಯುತ್ತಿದ್ದ ಮ್ಯಾನೇಜರ್ ಆ ಕಾಲ್‌ನಲ್ಲಿ ಇರಲಿಲ್ಲ, ಆಮೇಲೂ ಫೋನ್ ಮಾಡಲಿಲ್ಲ. ಕೆಲಸ ಹೋದದ್ದಕ್ಕಿಂತ ಅದು ಹೆಚ್ಚು ದಿನ ಚುಚ್ಚಿತು. ಎಲ್ಲಿ ತಪ್ಪಿದೆ, ಏನು ಸರಿ ಮಾಡಿಕೊಂಡರೆ ಮತ್ತೆ ಬರಬಹುದು ಎಂದು ಹೇಳುವವರು ಯಾರೂ ಇರಲಿಲ್ಲ. ಯಾವುದೋ ಹಾಳೆಯಲ್ಲಿ ಯಾರೋ ಬಣ್ಣ ಬಳಿದಿದ್ದರು, ಅಷ್ಟೆ.

ಮೂರು ತಿಂಗಳ ಹುಡುಕಾಟದ ನಂತರ ಗೆಳೆಯನೊಬ್ಬನ ಮೂಲಕ ನಾಗಪುರದಲ್ಲಿ ಕೆಲಸ ಸಿಕ್ಕಿತು. ವರ್ಧಾ ರಸ್ತೆಯ ಮಿಹಾನ್‌ನಲ್ಲಿ ಆಫೀಸು. 2023ರ ಏಪ್ರಿಲ್‌ನ ಉರಿಬಿಸಿಲಿಗೆ ಹೆಂಡತಿ, ಮಗಳ ಜೊತೆ ಬಂದಿಳಿದೆ. ಅದೇ ವರ್ಷ ಕರುಣ್ ನಾಯರ್ ಕೂಡ ವಿದರ್ಭ ತಂಡಕ್ಕೆ ಬಂದರು. ವಿದರ್ಭ ಕ್ರಿಕೆಟ್ ಸಂಸ್ಥೆಯ ಜಾಮ್ಠಾ ಮೈದಾನ ಇರುವುದೂ ಅದೇ ವರ್ಧಾ ರಸ್ತೆಯಲ್ಲಿ.

ಬೇರೆಯವರ ಮನೆಯ ಲೆಕ್ಕ

ನಾಗಪುರಕ್ಕೆ ಬರುವ ತನಕ ವಿದರ್ಭ ಎಂದರೆ ನನಗೆ ಆ 5 ರನ್‌ಗಳ ಸೋಲು ಮಾತ್ರ. 2017ರ ಡಿಸೆಂಬರ್, ಈಡನ್ ಗಾರ್ಡನ್ಸ್. ಗೆಲ್ಲಲು 198 ಬೇಕಿತ್ತು, ನಾವು 192ಕ್ಕೆ ಆಲೌಟ್. ರಜನೀಶ್ ಗುರ್ಬಾನಿ 7 ವಿಕೆಟ್ ಕಿತ್ತರು. ಮೊದಲ ಇನಿಂಗ್ಸ್‌ನಲ್ಲಿ ಕರುಣ್ ಹೊಡೆದ 153 ನೀರಿನಲ್ಲಿ ಹೋಮವಾಯಿತು. ಗುರ್ಬಾನಿ ಹೆಸರು ಎಲ್ಲರಿಗೂ ನೆನಪಿದೆ. ಆದರೆ ಆ ಪಂದ್ಯದಲ್ಲಿ ವಿದರ್ಭದ ಎರಡನೇ ಇನಿಂಗ್ಸ್‌ಗೆ ಬೆನ್ನೆಲುಬಾಗಿ 81 ರನ್ ಗಳಿಸಿದವರು ಯಾರು ಗೊತ್ತೇ? ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್. 2010ರಲ್ಲಿ ಮೈಸೂರಿನ ಗಂಗೋತ್ರಿ ಮೈದಾನದ ರಣಜಿ ಫೈನಲ್‌ನಲ್ಲಿ ಮುಂಬೈ ಎದುರು ನಾವು 6 ರನ್‌ಗಳಿಂದ ಸೋತೆವಲ್ಲ, ಅಲ್ಲಿ ಮನೀಷ್ ಪಾಂಡೆಯ 144ರ ಜೊತೆಗೆ ನಿಂತು 75 ಗಳಿಸಿದ್ದ ಅದೇ ಸತೀಶ್. ನಮ್ಮಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದವರು ನಮ್ಮನ್ನೇ ಸೋಲಿಸಿದರು.

ವಿದರ್ಭದವರ ಆಯ್ಕೆಯ ಲೆಕ್ಕ ಸರಳ. ತಂಡದ ಬಹುಪಾಲು ಊರಿನ ಹುಡುಗರು. ಅವರ ಮಧ್ಯೆ ಒಬ್ಬಿಬ್ಬರು ಹೊರಗಿನ ಹಿರಿಯರು. ಮುಂಬೈ ಬಿಟ್ಟು ಬಂದ ವಾಸಿಂ ಜಾಫರ್ 2018-19ರಲ್ಲಿ, 40 ದಾಟಿದ ವಯಸ್ಸಿನಲ್ಲಿ, 1,037 ರನ್ ಹೊಡೆದರು. ವಿದರ್ಭ ಸತತ ಎರಡು ವರ್ಷ ಕಪ್ ಎತ್ತಿತು. ಜಾಫರ್, ಸತೀಶ್ ಆದ ಮೇಲೆ ಆ ಜಾಗಕ್ಕೆ ಕರುಣ್.

ನಮ್ಮ ಕಡೆಯಿಂದ ಹೋದವರ ಪಟ್ಟಿಯೂ ಸಣ್ಣದಲ್ಲ. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಅಲ್ಲಿಂದ ಕೇರಳಕ್ಕೆ. ಎರಡು ಕಪ್ ತಂದುಕೊಟ್ಟ ನಾಯಕ ವಿನಯ್ ಕುಮಾರ್ ಪುದುಚೇರಿಗೆ. ಶ್ರೇಯಸ್ ಗೋಪಾಲ್ ಕೇರಳಕ್ಕೆ. ಆರ್. ಸಮರ್ಥ್ ಉತ್ತರಾಖಂಡಕ್ಕೆ. ಒಬ್ಬೊಬ್ಬರದೂ ಒಂದೊಂದು ಕಾರಣ ಇರಬಹುದು. ಹೊರಗೆ ಅವಕಾಶ ಇದ್ದರೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ನಾವೆಲ್ಲ ಮಾಡಿದ್ದು ಅದನ್ನೇ ಅಲ್ಲವೇ? ಆದರೆ ಒಂದು ತಂಡದಿಂದ ಇಷ್ಟು ಮಂದಿ 30ರ ಆಸುಪಾಸಿನಲ್ಲಿ ಹೊರಟುಹೋದರೆ, ಉಳಿಯುವುದು ಹಳೆಯ ಹೆಸರಿನ ಒಂದಿಬ್ಬರು ಮತ್ತು 22ರ ಹುಡುಗರು. ನಡುವಿನ ಮೆಟ್ಟಿಲೇ ಇಲ್ಲ.

2024ರ ಫೆಬ್ರುವರಿಯಲ್ಲಿ ರಣಜಿ ಕ್ವಾರ್ಟರ್‌ಫೈನಲ್‌ಗೆ ಕರ್ನಾಟಕ ನಾಗಪುರಕ್ಕೇ ಬಂತು. ನನಗೆ ಮನೆಗೆ ನೆಂಟರು ಬಂದ ಸಂಭ್ರಮ. ವಿದರ್ಭ 460 ಹೊಡೆಯಿತು, ಅದರಲ್ಲಿ ಕರುಣ್ ಪಾಲು 90. ಕರ್ನಾಟಕ 127 ರನ್‌ಗಳಿಂದ ಸೋತಿತು. ಆ ರಾತ್ರಿ ಹಳೆಯ ಎಕ್ಸೆಲ್ ಹಾಳೆ ತೆರೆದು ನೋಡಿದೆ. ಕೆಂಪು ಬಣ್ಣ ಹಾಗೇ ಇತ್ತು.

ಯಾರಿಗೆ ಚಪ್ಪಾಳೆ?

ಈ ವರ್ಷದ ಜನವರಿ 18. ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿ ಫೈನಲ್. ಕರ್ನಾಟಕ ಒಂದು ಕಡೆ, ಕರುಣ್ ನಾಯರ್ ನಾಯಕತ್ವದ ವಿದರ್ಭ ಇನ್ನೊಂದು ಕಡೆ. ಆ ಟೂರ್ನಿಯಲ್ಲಿ ಕರುಣ್ 5 ಶತಕ ಹೊಡೆದಿದ್ದರು. ಫೈನಲ್ ತನಕ ಔಟಾಗಿದ್ದು ಒಂದೇ ಸಲ. ಮನೆಯಲ್ಲಿ ಟೀವಿ ಮುಂದೆ ಕೂತ ನನ್ನ ಸ್ಥಿತಿ ಏನು ಹೇಳಲಿ! ಕರ್ನಾಟಕ 348 ಹೊಡೆಯಿತು. 21ರ ಹುಡುಗ ಸ್ಮರಣ್ ರವಿಚಂದ್ರನ್ 101. ವಿದರ್ಭ ಬೆನ್ನಟ್ಟಿದಾಗ ಕರುಣ್ 27ಕ್ಕೆ ಪ್ರಸಿದ್ಧ ಕೃಷ್ಣ ಬೌಲಿಂಗ್‌ನಲ್ಲಿ ಬೌಲ್ಡ್. ಗೊತ್ತಿಲ್ಲದೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ಮರುಕ್ಷಣ ಕೂತೆ. ‘ಯಾಕೆ, ಗೆಲ್ತಾ ಇರೋದು ನಿಮ್ಮವರೇ ತಾನೆ?’ ಎಂದಳು ಹೆಂಡತಿ. ನಮ್ಮವರೇ ಗೆದ್ದರು, 36 ರನ್‌ಗಳಿಂದ. ಟೂರ್ನಿಯಲ್ಲಿ 779 ರನ್, ಸರಾಸರಿ 389.50 ಇದ್ದ ಮನುಷ್ಯ ಕಪ್ ಇಲ್ಲದೆ ಮೈದಾನದಿಂದ ಹೊರನಡೆದರು.

ನ್ಯಾಯವಾಗಿ ಹೇಳಬೇಕೆಂದರೆ ಅಂದು ನಮ್ಮ ಆಯ್ಕೆಗಾರರ ವಾದವೂ ಗೆದ್ದಿತ್ತು. ಹುಡುಗರಿಗೆ ಜಾಗ ಕೊಟ್ಟದ್ದಕ್ಕೆ ಸ್ಮರಣ್ ಸಿಕ್ಕರು. ಕರುಣ್ ಇಲ್ಲೇ ಇದ್ದಿದ್ದರೆ ಸ್ಮರಣ್‌ಗೆ ಅವಕಾಶ ಸಿಗುತ್ತಿತ್ತೇ ಎಂಬ ಪ್ರಶ್ನೆ ಸಣ್ಣದಲ್ಲ. ಆದರೆ ನಾಲ್ಕು ದಿನದ ಆಟದಲ್ಲಿ ಕಥೆಯೇ ಬೇರೆ. ಅದೇ ಋತುವಿನ ರಣಜಿಯಲ್ಲಿ ಕರ್ನಾಟಕ ಗುಂಪು ಹಂತವನ್ನೇ ದಾಟಲಿಲ್ಲ. ಆಲೂರಿನಲ್ಲಿ ಮಳೆ ನಮ್ಮ ಒಂದು ಪಂದ್ಯವನ್ನು ತಿಂದದ್ದು ನಿಜ. ಆದರೆ ಮಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ಅದೇ ಗುಂಪಿನಿಂದ ಮುಂದೆ ಹೋದ ಕೇರಳ ಮೊದಲ ಬಾರಿ ಫೈನಲ್ ತಲುಪಿತು. ಎದುರಾಳಿ ವಿದರ್ಭ. ಮೈದಾನ ಜಾಮ್ಠಾ.

ಫೆಬ್ರುವರಿ 26, ಶಿವರಾತ್ರಿ. ಆಫೀಸಿಗೆ ರಜೆ. ಬೆಳಿಗ್ಗೆ ತರ್ರಿ ಪೋಹೆ ತಿಂದು ಮೈದಾನ ಸೇರಿದೆ. ತರ್ರಿ ಪೋಹೆ ಎಂದರೆ ನಮ್ಮ ಅವಲಕ್ಕಿಗೆ ಖಾರದ ಸಾರು ಸುರಿದಂತೆ. ಅಭ್ಯಾಸವಾದರೆ ಬಿಡಲಾಗದು. ನಾನು ಕೂರುವಷ್ಟರಲ್ಲಿ ವಿದರ್ಭ 24ಕ್ಕೆ 3. ಕ್ರೀಸಿನಲ್ಲಿ ದಾನಿಶ್ ಮಾಲೇವಾರ್ ಎಂಬ 21ರ ಹುಡುಗ. ಅವನಿಗೆ ಅದು ಮೊದಲ ರಣಜಿ ಋತು. ಜೊತೆಗೆ ಬಂದವರು ಕರುಣ್.

ಆ ದಿನ ನಾನು ಚೆಂಡಿಗಿಂತ ಹೆಚ್ಚು ಚೆಂಡುಗಳ ನಡುವಿನ ಹೊತ್ತನ್ನು ನೋಡಿದೆ. ಪ್ರತಿ ಓವರ್ ಮುಗಿದಾಗ ಕರುಣ್ ಪಿಚ್ಚಿನ ಮಧ್ಯಕ್ಕೆ ನಡೆದು ಬರುತ್ತಿದ್ದರು. ಹುಡುಗ ಏನೋ ಹೇಳುತ್ತಿದ್ದ, ಇವರು ತಲೆಯಾಡಿಸುತ್ತಿದ್ದರು. ಹುಡುಗ ದೊಡ್ಡ ಹೊಡೆತ ಹೊಡೆದ ಮೇಲಂತೂ ಇವರು ತಪ್ಪದೆ ನಡೆದು ಬಂದು ಗ್ಲೌಸ್ ತಟ್ಟಿ ಹೋಗುತ್ತಿದ್ದರು. ಇಬ್ಬರೂ ಸೇರಿ 215 ರನ್ ಕಟ್ಟಿದರು. ಕರುಣ್ 86ಕ್ಕೆ ರನ್ ಔಟ್. ಮಾಲೇವಾರ್ ಮರುದಿನ 153ರ ತನಕ ಹೋದ.

ಪಕ್ಕದಲ್ಲಿ ಕೂತಿದ್ದ ಅರವತ್ತು ದಾಟಿದ ಅಜ್ಜ ನನ್ನ ಮರಾಠಿ ಕೇಳಿ ‘ಎಲ್ಲಿಯವರು?’ ಎಂದರು. ಕರ್ನಾಟಕ ಎಂದೆ. ಅವರು ಬೆರಳು ಮೈದಾನದ ಕಡೆ ತೋರಿಸಿ, ‘ಇಂಥವನನ್ನು ನಿಮ್ಮವರು ಹೇಗೆ ಬಿಟ್ಟಿರಪ್ಪ?’ ಎಂದರು. ಅವರ ದನಿಯಲ್ಲಿ ಚುಚ್ಚುಮಾತು ಇರಲಿಲ್ಲ. ನಿಜವಾಗಿಯೂ ಅರ್ಥವಾಗದ ಮುಖ. ಎಕ್ಸೆಲ್ ಹಾಳೆಯ ವಿಷಯ ನಾನು ಹೇಳಲಿಲ್ಲ.

ಆ ಮಧ್ಯಾಹ್ನ ನನಗೆ ಹೊಳೆದದ್ದು ಇಷ್ಟು. ಹಿರಿಯ ಆಟಗಾರನ ಬೆಲೆ ಅವನ 86ರಲ್ಲಿ ಮಾತ್ರ ಇಲ್ಲ. ಪಕ್ಕದವನ 153ರಲ್ಲೂ ಅವನ ಪಾಲಿದೆ. ಸ್ಕೋರ್‌ಕಾರ್ಡ್‌ನಲ್ಲಿ ಆ ರನ್ ಹುಡುಗನ ಹೆಸರಿಗೇ ಬರೆಯಲ್ಪಡುತ್ತದೆ, ಬರೆಯಲೂ ಬೇಕು. ಆದರೆ ತಂಡ ಆರಿಸುವವನಿಗೆ ಅದು ಕಾಣಬೇಕು. ನನ್ನ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಆ ಋತುವಿನಲ್ಲಿ ವಿದರ್ಭದ ಪರ ಯಶ್ ರಾಠೋಡ್ 960 ರನ್ ಗಳಿಸಿದರು. ಹರ್ಷ್ ದುಬೆ 69 ವಿಕೆಟ್ ಪಡೆದು ರಣಜಿ ದಾಖಲೆಯನ್ನೇ ಮಾಡಿದರು. ಎಲ್ಲ ಊರಿನ ಹುಡುಗರು. ಹಿರಿಯನನ್ನು ಇಟ್ಟುಕೊಂಡರೆ ಹುಡುಗರ ಜಾಗ ಹೋಗುತ್ತದೆ ಎಂಬ ನನ್ನ ವಾದಕ್ಕೆ ಅವರೇ ಉತ್ತರ.

ಶನಿವಾರ, ನಾಲ್ಕನೇ ದಿನ ಮತ್ತೆ ಹೋದೆ. ಕರುಣ್ ಶತಕ ಬಾರಿಸಿ ಡ್ರೆಸಿಂಗ್ ರೂಮ್ ಕಡೆ ಒಂಬತ್ತು ಬೆರಳು ತೋರಿಸಿದರು. ಆ ಋತುವಿನ ಒಂಬತ್ತನೇ ಶತಕ. ಮೊದಲ ಇನಿಂಗ್ಸ್‌ನ 37 ರನ್‌ಗಳ ಮುನ್ನಡೆಯಿಂದ ವಿದರ್ಭ ಮೂರನೇ ಸಲ ರಣಜಿ ಗೆದ್ದಿತು. ಈ ಸಲ ನಾನು ಎದ್ದು ನಿಂತಾಗ ಕೂರಲಿಲ್ಲ.

ಕೈಬಿಡುವುದೂ ಒಂದು ಕೆಲಸ

ಇದು ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಬದುಕು ಹಾಗಲ್ಲ. ಜೂನ್‌ನಲ್ಲಿ, ಎಂಟು ವರ್ಷದ ನಂತರ ಕರುಣ್ ಮತ್ತೆ ಭಾರತದ ಟೆಸ್ಟ್ ಟೋಪಿ ಹಾಕಿದರು. ಇಂಗ್ಲೆಂಡ್‌ನಲ್ಲಿ 4 ಟೆಸ್ಟ್, 205 ರನ್, ಒಂದೇ ಅರ್ಧಶತಕ. ಮುಂದಿನ ಸರಣಿಗೆ ಹೆಸರು ಇಲ್ಲ. ಕೇಳಿದ ಅವಕಾಶ ಸಿಕ್ಕಿತು, ಸಾಕಷ್ಟು ರನ್ ಬರಲಿಲ್ಲ. ಅದರಲ್ಲಿ ಅನ್ಯಾಯ ನನಗೆ ಕಾಣುವುದಿಲ್ಲ. ರನ್ ಬಾರದವನನ್ನು ಕೈಬಿಡುವುದು ಆಯ್ಕೆಗಾರರ ಕೆಲಸ. 2022ರಲ್ಲಿ ಕರ್ನಾಟಕ ಅವರನ್ನು ಒಂದು ಋತು ಹೊರಗಿಟ್ಟದ್ದನ್ನು ಇಂದಿಗೂ ನಾನು ಘೋರ ತಪ್ಪು ಎನ್ನಲಾರೆ. ಆ ವರ್ಷ ತಂಡ ಸೆಮಿಫೈನಲ್ ತನಕ ಹೋಗಿತ್ತು.

ನನ್ನ ತಕರಾರು ಬೇರೆ. ನಮ್ಮಲ್ಲಿ ಪಟ್ಟಿಗಳು ಬರುತ್ತವೆ, ಕಾರಣಗಳು ಬರುವುದಿಲ್ಲ. ಹೆಸರು ಇದೆ ಅಥವಾ ಇಲ್ಲ. ಹೊರಗುಳಿದವನು ಏನು ಮಾಡಿದರೆ ಒಳಗೆ ಬರಬಹುದು ಎಂಬುದು ಎಲ್ಲೂ ಇಲ್ಲ. ಅಭಿಮಾನಿಗಳಾದ ನಾವೂ ಅಷ್ಟೇ. ಕೈಬಿಟ್ಟ ದಿನ ‘ಮುಗಿಯಿತು ಅವನ ಕಥೆ’ ಎನ್ನುತ್ತೇವೆ. ಬೇರೆ ರಾಜ್ಯಕ್ಕೆ ಹೊಡೆದ ದಿನ ‘ಆಗಲೇ ಹೇಳಿದ್ದೆ’ ಎನ್ನುತ್ತೇವೆ. ಒಬ್ಬ ಆಟಗಾರನಿಗೆ ವಿಶ್ರಾಂತಿ, ಎಚ್ಚರಿಕೆ, ಕಾಯುವಿಕೆ ಎಂಬ ನಡುವಿನ ಸ್ಥಿತಿಗಳೂ ಇವೆ ಎಂಬುದನ್ನು ನಾವು ಮರೆತಿದ್ದೇವೆ.

ಈ ಜೂನ್‌ನಲ್ಲೇ ನನ್ನ ಕೈಗೂ ಒಂದು ಪಟ್ಟಿ ಬಂತು. ಆಫೀಸಿನಲ್ಲಿ ಈಗ ನನ್ನ ಕೆಳಗೆ ಒಂಬತ್ತು ಮಂದಿ. ಪ್ರಾಜೆಕ್ಟ್ ಚಿಕ್ಕದಾಗುತ್ತಿದೆ, ಬಿಟ್ಟುಕೊಡಬೇಕಾದ ಇಬ್ಬರ ಹೆಸರು ಕೊಡಿ ಎಂದರು. ಅಭ್ಯಾಸಬಲ, ಎಕ್ಸೆಲ್ ತೆರೆದೆ. ಯಾರು ಎಷ್ಟು ಟಿಕೆಟ್ ಮುಗಿಸಿದ್ದಾರೆ, ಎಷ್ಟು ತಡ, ಎಷ್ಟು ತಪ್ಪು. ತಳದಲ್ಲಿ ಬಂದವನು ನನ್ನಷ್ಟೇ ವಯಸ್ಸಿನ ಒಬ್ಬ. ಬಣ್ಣ ಬಳಿಯುವ ಮುಂಚೆ ಕೈ ತಡೆಯಿತು. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಆರು ತಿಂಗಳಲ್ಲಿ ಅಷ್ಟು ಚೆನ್ನಾಗಿ ಕೆಲಸ ಕಲಿತದ್ದು ಹೇಗೆ ಎಂದು ವಿಚಾರಿಸಿದೆ. ದಿನಕ್ಕೆ ಎರಡು ಗಂಟೆ ಅವರ ಪಕ್ಕ ಕೂರುತ್ತಿದ್ದವನು ಅವನೇ. ಅವರ ಟಿಕೆಟ್‌ಗಳಲ್ಲಿ ಅವನ ಹೆಸರಿಲ್ಲ, ಅಷ್ಟೆ.

ಅವನನ್ನು ಉಳಿಸಿಕೊಂಡೆ. ಹಾಗೆಂದು ಎಲ್ಲರನ್ನೂ ಉಳಿಸಲಾಗಲಿಲ್ಲ. ಇಬ್ಬರ ಹೆಸರು ಕೊಡಲೇಬೇಕಿತ್ತು, ಕೊಟ್ಟೆ. ಆದರೆ ಪಟ್ಟಿ ಮೇಲೆ ಹೋಗುವ ಮುಂಚೆ ಇಬ್ಬರನ್ನೂ ಬೇರೆ ಬೇರೆಯಾಗಿ ಚಹಾ ಟಪರಿಗೆ ಕರೆದೊಯ್ದು ನಾನೇ ಹೇಳಿದೆ. ಯಾಕೆ ಎಂದೂ ಹೇಳಿದೆ, ಏನು ಕಲಿತರೆ ಮತ್ತೆ ಕರೆಯುತ್ತೇನೆ ಎಂದೂ ಹೇಳಿದೆ. ಒಬ್ಬ ಕೈಕುಲುಕಿದ. ಇನ್ನೊಬ್ಬ ಚಹಾ ಮುಟ್ಟದೆ ಎದ್ದು ಹೋದ. ಅವನ ಸಿಟ್ಟು ನ್ಯಾಯವೇ. ಹೇಳಿದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲ. ಆದರೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದಾದರೂ ಅವನಿಗೆ ಗೊತ್ತಿದೆ. ನನಗೆ ಅದೂ ಗೊತ್ತಿರಲಿಲ್ಲ.

ಮರಳಿ ಬಂದವರು

ಈ ಋತುವಿಗೆ ಕರುಣ್ ವಿದರ್ಭದಿಂದ ಎನ್‌ಒಸಿ ಪಡೆದು ಕರ್ನಾಟಕಕ್ಕೆ ಮರಳಿದರು. ಕೇರಳಕ್ಕೆ ಹೋಗಿದ್ದ ಶ್ರೇಯಸ್ ಗೋಪಾಲ್ ಹಿಂದಿನ ವರ್ಷವೇ ವಾಪಸಾಗಿದ್ದರು. ಬಾಗಿಲು ತೆರೆದದ್ದಕ್ಕೆ ನಮ್ಮ ಕ್ರಿಕೆಟ್ ಸಂಸ್ಥೆಗೆ ಶಹಬ್ಬಾಸ್ ಹೇಳಲೇಬೇಕು. ಹೋದವನು ದ್ರೋಹಿ ಎಂದು ಮುಖ ತಿರುಗಿಸುವುದು ಸುಲಭವಿತ್ತು. ಅಂದಹಾಗೆ ಕರುಣ್ ಹುಟ್ಟಿದ್ದು ರಾಜಸ್ಥಾನದ ಜೋಧಪುರದಲ್ಲಿ, ಮಲಯಾಳಿ ಕುಟುಂಬದಲ್ಲಿ. ‘ನಮ್ಮವನು’ ಎಂದು ನಾವು ಹಕ್ಕು ಹೂಡುವುದು ಅವರು ಇಲ್ಲಿ ಬೆಳೆದರು, ಇಲ್ಲಿಗೆ ಆಡಿದರು ಎಂಬ ಕಾರಣಕ್ಕೆ. ಹಾಗೆ ನೋಡಿದರೆ ನಾಗಪುರದ ಆ ಅಜ್ಜನಿಗೂ ಎರಡು ವರ್ಷದ ಹಕ್ಕು ಇದ್ದೇ ಇದೆ.

ನವುಲೆಯಲ್ಲಿ ಅಪ್ಪ ನೋಡಿದ ದಿನ ಮೇಲಿನ ವಿಕೆಟ್‌ಗಳು ಉದುರಿದ ಮೇಲೆ ತಂಡವನ್ನು ಎತ್ತಿ ನಿಲ್ಲಿಸಿದ್ದು ಈ ಇಬ್ಬರೇ, ಮರಳಿ ಬಂದ ಕರುಣ್ ಮತ್ತು ಮರಳಿ ಬಂದ ಶ್ರೇಯಸ್. ಕರ್ನಾಟಕ 371ಕ್ಕೆ ಮುಗಿದಾಗ ಕರುಣ್ ಔಟಾಗದೆ 174. ಮುಂದಿನ ಪಂದ್ಯದಲ್ಲಿ ಕೇರಳದ ವಿರುದ್ಧ 233. ಅದೇ ಇನಿಂಗ್ಸ್‌ನಲ್ಲಿ ಸ್ಮರಣ್ ಔಟಾಗದೆ 220. ಹಿರಿಯ ಬಂದದ್ದರಿಂದ ಹುಡುಗನ ಜಾಗವೇನೂ ಹೋಗಲಿಲ್ಲ. ಕಪ್ ಬರುತ್ತದೋ ಇಲ್ಲವೋ, ಈ ತಂಡ ನೋಡಲು ಮತ್ತೆ ಮನಸ್ಸಾಗುತ್ತಿದೆ.

ಮೊನ್ನೆ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಇದೆಲ್ಲವನ್ನೂ ಹೇಳಿದೆ. ಎಕ್ಸೆಲ್ ಹಾಳೆ, ಜಾಮ್ಠಾ, ಚಹಾ ಟಪರಿ, ಎಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟವರು ಅವರು. ಪೂರ್ತಿ ಕೇಳಿಸಿಕೊಂಡರು.

‘ಫೇಲ್ ಮಾಡೋದು ತಪ್ಪಲ್ಲ ಕಣೋ. ನಾನೂ ಮಾಡಿದೀನಿ. ಮನೆಗೆ ಕರೆದು ಯಾಕೆ ಅಂತ ಹೇಳಬೇಕು, ಸಪ್ಲಿಮೆಂಟರಿಗೆ ಕೂರಿಸಬೇಕು’ ಎಂದರು.

ಸ್ವಲ್ಪ ಹೊತ್ತು ಬಿಟ್ಟು, ‘ಅವನು ವಾಪಸ್ ಬಂದ. ನಿಂದೇನು?’ ಎಂದರು.

ಬೆಂಗಳೂರಿನ ಒಂದು ಕಂಪನಿಯಿಂದ ಎರಡು ಸಲ ಫೋನ್ ಬಂದಿರುವುದು ನಿಜ. ಮಗಳು ಇಲ್ಲಿನ ಶಾಲೆಯಲ್ಲಿ ಮರಾಠಿ ಪದ್ಯ ಹೇಳುತ್ತಿದ್ದಾಳೆ. ಆ ಇಬ್ಬರು ಹುಡುಗಿಯರಿಗೆ ಇನ್ನೊಂದು ವರ್ಷ ಜೊತೆಗಿರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

‘ಈ ಸೀಸನ್ ಮುಗೀಲಿ ಅಪ್ಪ’ ಎಂದೆ.